ರಕ್ತ ಹೆಪ್ಪುಗಟ್ಟದಿರಲು ಮಾತ್ರೆ: ಆಸ್ಪತ್ರೆಯಿಂದ ಊರಿಗೆ ಮರಳಿದ ಮೇಲೆ

ಕಾರವಾರ, ಅಂಕೋಲೆ ಭಾಗದಲ್ಲಿ ಹೃದಯದ ಕವಾಟ ಬದಲಿಸಿಕೊಂಡವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಚಿಕಿತ್ಸೆ ಪಡೆದವರು ಹಲವರಿದ್ದಾರೆ. ಇವರಲ್ಲಿ ಅನೇಕರಿಗೆ ದೊಡ್ಡ ಚಿಕಿತ್ಸೆ ಆಗಿರುವುದು ಊರಿನಾಚೆ. ಕೆಲವರು ಮಣಿಪಾಲ, ಮಂಗಳೂರಿಗೆ ಹೋಗಿರುತ್ತಾರೆ. ಕೆಲವರು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದವರೂ ಇದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಣ್ಣ ಮಾತ್ರೆಯ ಹೆಸರಿರುತ್ತದೆ, ಅದರ ಪಕ್ಕದಲ್ಲಿ ‘ಐಎನ್‌ಆರ್ ನೋಡಿಕೊಂಡು ಮುಂದುವರಿಸಿ’ ಎಂಬ ಸೂಚನೆ. ತೊಡಕು ಶುರುವಾಗುವುದು ಊರಿಗೆ ಬಂದ ಮೇಲೆ. ಐಎನ್‌ಆರ್ ಎಂದರೆ ಏನು, ಎಲ್ಲಿ ಮಾಡಿಸಬೇಕು, ಎಷ್ಟಿದ್ದರೆ ಸರಿ, ಬಸಳೆ ತಿನ್ನಬಹುದೇ, ಹಲ್ಲು ಕೀಳಿಸಬಹುದೇ? ಕೇಳೋಣವೆಂದರೆ ಮಾತ್ರೆ ಬರೆದ ವೈದ್ಯರು ನೂರಾರು ಕಿಲೋಮೀಟರ್ ದೂರ. ಕೊನೆಗೆ ಕೆಲವರು ಪರೀಕ್ಷೆಯನ್ನೇ ಬಿಡುತ್ತಾರೆ, ಕೆಲವರು ಹೆದರಿ ಮಾತ್ರೆಯನ್ನೇ ಬಿಡುತ್ತಾರೆ.

ಎರಡೂ ಅಪಾಯ. ಈ ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ನಡುವಿನ ಹದ ಕಾಯ್ದುಕೊಳ್ಳಲು ಪ್ರತಿ ತಿಂಗಳೂ ದೊಡ್ಡ ಆಸ್ಪತ್ರೆಗೆ ಓಡಬೇಕಿಲ್ಲ. ಒಂದು ರಕ್ತ ಪರೀಕ್ಷೆ, ಒಂದು ನೋಟ್‌ಬುಕ್, ಫೋನಿನಲ್ಲಿ ಸಿಗುವ ಒಬ್ಬ ವೈದ್ಯರು, ಏರುಪೇರಿಲ್ಲದ ದಿನಚರಿ ಇದ್ದರೆ ಊರಿನಲ್ಲಿದ್ದುಕೊಂಡೇ ಇದನ್ನು ನಿಭಾಯಿಸಬಹುದು. ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳಲಾಗಿದೆ. ನಿಮ್ಮ ಡೋಸ್ ಎಷ್ಟೆಂಬುದನ್ನು ಮಾತ್ರ ನಿಮ್ಮ ವೈದ್ಯರೇ ಹೇಳಬೇಕು.

ಮಾತ್ರೆ ಕೆಲಸ ಮಾಡುವುದು ಹೇಗೆ?

ಗಾಯವಾದಾಗ ರಕ್ತ ಗಟ್ಟಿಯಾಗಿ ನಿಲ್ಲುವುದು ನಮ್ಮ ದೇಹದ ರಕ್ಷಣೆ. ಅದೇ ರಕ್ತ ನಾಳದೊಳಗೆ, ಹೃದಯದ ಕೋಣೆಯೊಳಗೆ ಹೆಪ್ಪುಗಟ್ಟಿದರೆ ಕುತ್ತು. ಹೃದಯ ಬಡಿತದ ತಾಳ ತಪ್ಪುವ ‘ಏಟ್ರಿಯಲ್ ಫಿಬ್ರಿಲೇಶನ್’ ಇರುವವರ ಹೃದಯದಲ್ಲಿ ರಕ್ತ ನಿಂತು ಹೆಪ್ಪು ಕಟ್ಟುತ್ತದೆ, ಅದು ಮೆದುಳಿಗೆ ಹಾರಿದರೆ ಪಾರ್ಶ್ವವಾಯು. ಇಂಥವರಿಗೆ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ವಾರ್ಫರಿನ್ ಸರಿಯಾಗಿ ತೆಗೆದುಕೊಂಡರೆ ಆ ಅಪಾಯದ ಸುಮಾರು ಮೂರನೇ ಎರಡು ಪಾಲು ತಗ್ಗುತ್ತದೆ. ಕಾಲಿನ ಆಳದ ನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಲೋಹದ ಕವಾಟ ಹಾಕಿಸಿಕೊಂಡವರಲ್ಲಿ ಕವಾಟದ ಮೇಲೇ ಹೆಪ್ಪು ಕೂತು ಅದು ಸಿಕ್ಕಿಕೊಳ್ಳಬಹುದು.

ಈ ಮಾತ್ರೆಗಳು ಕಟ್ಟಿದ ಹೆಪ್ಪನ್ನು ತಾವೇ ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತವೆ; ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಕಾಲಿನ ಬಾವು ಇಳಿದ ಕೂಡಲೇ ಮಾತ್ರೆ ನಿಲ್ಲಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ನಮ್ಮ ಯಕೃತ್ತು ವಿಟಮಿನ್ ‘ಕೆ’ ಬಳಸಿಕೊಂಡು ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ತಯಾರಿಸುತ್ತದೆ. ವಾರ್ಫರಿನ್, ಅಸೆನೊಕುಮರಾಲ್ ಮಾತ್ರೆಗಳು ಆ ತಯಾರಿಕೆಗೆ ಅಡ್ಡ ಬರುತ್ತವೆ. ರಕ್ತದಲ್ಲಿ ಮೊದಲೇ ಇದ್ದ ಪ್ರೋಟೀನು ಖರ್ಚಾಗಲು ಕೆಲವು ದಿನ ಬೇಕು. ಹೀಗಾಗಿ ಇಂದು ನುಂಗಿದ ಮಾತ್ರೆಯ ಫಲ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಆರಂಭದ ದಿನಗಳಲ್ಲಿ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಜಾತಿಯ ಇಂಜೆಕ್ಷನ್ ಜೊತೆಗೇ ಕೊಡುವುದು ಈ ನಡುವಿನ ಅವಧಿಯನ್ನು ದಾಟಿಸಲು. ಮುಂದೆ ಬರುವ ಸೊಪ್ಪಿನ ಲೆಕ್ಕ, ಮರೆತ ಮಾತ್ರೆಯ ಲೆಕ್ಕ, ಎಲ್ಲವೂ ಈ ಒಂದು ವಿಷಯದಿಂದಲೇ ಹುಟ್ಟಿದವು.

ವಾರ್ಫರಿನ್‌ನ ಮೂಲ ಅಮೆರಿಕದಲ್ಲಿದೆ. ಹಾಳಾದ ಸಿಹಿ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದ ಕಾರಣವನ್ನು ಹುಡುಕಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡದ ಶೋಧದಿಂದ ಇದು ಬಂತು. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಗಿ ಅನುಮತಿ ಪಡೆಯಿತು. ಇಲಿಗೆ ಹಾಕುವುದನ್ನು ನಮಗೆ ಕೊಡುತ್ತಾರೆಂದು ಹೆದರಬೇಡಿ. ಅಳತೆ ತಪ್ಪದಿದ್ದರೆ ಇದು ಜೀವ ಉಳಿಸುವ ಔಷಧಿ.

ನಿಮ್ಮ ಮಾತ್ರೆ ಯಾವ ಗುಂಪಿನದು?

ಚೀಟಿ ಹಿಡಿದು ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಪರೀಕ್ಷೆ, ಆಹಾರ, ಮರೆತ ಡೋಸ್ ಎಲ್ಲದರ ನಿಯಮ ಗುಂಪಿನ ಮೇಲೆ ನಿಂತಿದೆ.

1. ಹಳೆಯ ಗುಂಪು. ವಾರ್ಫರಿನ್ ಮತ್ತು ಅಸೆನೊಕುಮರಾಲ್. ಔಷಧಿ ಅಂಗಡಿಯಲ್ಲಿ ವಾರ್ಫ್, ಅಸಿಟ್ರೋಂ ಎಂಬ ಹೆಸರುಗಳು ಹೆಚ್ಚು ಬಳಕೆಯಲ್ಲಿವೆ. ಇವಕ್ಕೆ ಐಎನ್‌ಆರ್ ಪರೀಕ್ಷೆ ಬೇಕೇ ಬೇಕು. ಲೋಹದ ಕವಾಟ ಇರುವವರಿಗೆ ಈ ಗುಂಪಿನ ಮಾತ್ರೆಯೇ ಆಗಬೇಕು.

2. ಹೊಸ ಗುಂಪು. ಡಾಬಿಗಾಟ್ರಾನ್, ರಿವರಾಕ್ಸಾಬಾನ್, ಅಪಿಕ್ಸಾಬಾನ್. ಇವು ಕೆಲವೇ ಗಂಟೆಗಳಲ್ಲಿ ಕೆಲಸ ಆರಂಭಿಸುತ್ತವೆ, ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಆದರೆ ಮೂತ್ರಪಿಂಡದ ಕೆಲಸ ತಿಳಿಯುವ ಕ್ರಿಯಾಟಿನಿನ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ವಯಸ್ಸಾದವರು ಇನ್ನೂ ಬೇಗ ಬೇಗ.

3. ಇಂಜೆಕ್ಷನ್. ಹೆಪಾರಿನ್, ಎನಾಕ್ಸಾಪಾರಿನ್. ಆಸ್ಪತ್ರೆಯಲ್ಲಿ, ಆರಂಭದ ದಿನಗಳಲ್ಲಿ, ಗರ್ಭಿಣಿಯರಿಗೆ ಕೊಡುವಂಥವು.

ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಈ ಮೂರಕ್ಕೂ ಸೇರಿದವಲ್ಲ. ಅವು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಿಕೊಳ್ಳದಂತೆ ಮಾಡುತ್ತವೆ. ‘ಎರಡೂ ರಕ್ತ ತೆಳು ಮಾಡುವ ಮಾತ್ರೆ ತಾನೇ’ ಎಂದು ಒಂದರ ಬದಲು ಇನ್ನೊಂದನ್ನು ನುಂಗಬೇಡಿ. ವೈದ್ಯರು ಹೇಳದೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೂ ಬೇಡಿ.

‘ಪರೀಕ್ಷೆ ಬೇಡದ ಹೊಸ ಮಾತ್ರೆ ಇದೆಯಂತೆ, ಅದನ್ನೇ ಬರೆದುಕೊಡಿ’ ಎಂದು ಹಲವರು ಕೇಳುತ್ತಾರೆ. ಎಲ್ಲರಿಗೂ ಅದು ಒಗ್ಗದು. ಲೋಹದ ಕವಾಟ ಇದ್ದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ, ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು; ಅದರ ವರದಿ 2013ರಲ್ಲಿ ಹೊರಬಂತು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟು, ಜೊತೆಗೆ ಬಡಿತದ ತಾಳವೂ ತಪ್ಪಿದವರ ಮೇಲೆ ಭಾರತವೂ ಸೇರಿ 24 ದೇಶಗಳಲ್ಲಿ ನಡೆದ ‘ಇನ್ವಿಕ್ಟಸ್’ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಅದರಲ್ಲಿ ರಿವರಾಕ್ಸಾಬಾನ್‌ಗಿಂತ ಹಳೆಯ ಗುಂಪಿನ ಮಾತ್ರೆಯೇ ಹೆಚ್ಚು ಜೀವ ಉಳಿಸಿತು. ಕವಾಟದ ತೊಂದರೆ ಇಲ್ಲದವರಿಗೆ, ಕಾಲಿನ ಹೆಪ್ಪಿಗೆ ಚಿಕಿತ್ಸೆ ಪಡೆಯುವವರಿಗೆ ಹೊಸ ಗುಂಪು ಅನುಕೂಲ. ಆಯ್ಕೆ ವೈದ್ಯರಿಗೆ ಬಿಡಿ, ಆದರೆ ‘ನನಗೆ ಇದೇ ಮಾತ್ರೆ ಯಾಕೆ?’ ಎಂದು ಕೇಳಲು ಸಂಕೋಚ ಬೇಡ.

ಐಎನ್‌ಆರ್ ಅಂದರೆ ಏನು?

ನಿಮ್ಮ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮಾಮೂಲಿ ರಕ್ತದ ಜೊತೆ ಹೋಲಿಸಿ ಹೇಳುವ ಅಂಕಿ ಇದು. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1. ಬಡಿತದ ತಾಳ ತಪ್ಪಿದವರಿಗೆ, ಕಾಲಿನ ಹೆಪ್ಪಿನವರಿಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಎಡಭಾಗದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5. ನಿಮ್ಮ ಗುರಿ ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಿ. ಅದಕ್ಕಿಂತ ಕೆಳಗಿಳಿದರೆ ಹೆಪ್ಪಿನ ಭಯ. 4 ದಾಟಿ ಮೇಲೇರಿದಂತೆ ರಕ್ತಸ್ರಾವದ ಭಯ ಹೆಚ್ಚುತ್ತದೆ. 5 ದಾಟಿದ್ದರೆ ಮೈಯಲ್ಲಿ ಯಾವ ತೊಂದರೆ ಕಾಣದಿದ್ದರೂ ಅದೇ ದಿನ ವೈದ್ಯರಿಗೆ ತಿಳಿಸಿ.

ಊರಿನಲ್ಲಿ ನಿಭಾಯಿಸುವ ಕ್ರಮ

1. ಸ್ಥಳೀಯ ವೈದ್ಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯೊಂದಿಗೆ ಸೇರಿದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಕ್ರಿಮ್ಸ್ ಇದೆ, ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆ ಇದೆ, ನಿಮ್ಮ ಕುಟುಂಬದ ವೈದ್ಯರಿದ್ದಾರೆ. ಡಿಸ್ಚಾರ್ಜ್ ಚೀಟಿಯ ನಕಲು ಕೊಟ್ಟು, ‘ಡಾಕ್ಟ್ರೇ, ಐಎನ್‌ಆರ್ ನೋಡಿ ಡೋಸ್ ಹೇಳುವುದು ನಿಮ್ಮಿಂದ ಆಗುತ್ತದೆಯೇ, ಇಲ್ಲ ನಾನು ಅಲ್ಲಿಗೇ ಫೋನ್ ಮಾಡಬೇಕೇ?’ ಎಂದು ನೇರವಾಗಿ ಕೇಳಿ. ಡೋಸ್ ಹೇಳುವವರು ಒಬ್ಬರೇ ಇರಲಿ. ಇಬ್ಬರು ಹೇಳಿದರೆ ಗೊಂದಲ ಖಂಡಿತ.

2. ಲ್ಯಾಬ್ ಒಂದೇ ಇರಲಿ. ‘ಪಿಟಿ-ಐಎನ್‌ಆರ್ ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ, ರಿಪೋರ್ಟ್ ಯಾವಾಗ?’ ಎಂದು ಮೊದಲೇ ವಿಚಾರಿಸಿ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿ ಗೆರೆಯವರೆಗೆ ರಕ್ತ ತುಂಬಬೇಕು. ಕಡಿಮೆ ತುಂಬಿದರೆ ಅಂಕಿ ತಪ್ಪಾಗಿ ಬರುತ್ತದೆ. ರಿಪೋರ್ಟ್ ಹಿಂದಿನದಕ್ಕಿಂತ ವಿಪರೀತ ಬೇರೆಯಾಗಿದ್ದು ನಿಮ್ಮ ದಿನಚರಿಯಲ್ಲಿ ಏನೂ ಬದಲಾಗದಿದ್ದರೆ, ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳಿ.

3. ಪರೀಕ್ಷೆಯ ದಿನ ತಪ್ಪಿಸಬೇಡಿ. ಆರಂಭದಲ್ಲಿ ಕೆಲವು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಅಂಕಿ ಸ್ಥಿರವಾದ ಮೇಲೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಡೋಸ್ ಬದಲಾದರೆ, ಹೊಸ ಔಷಧಿ ಸೇರಿದರೆ, ಕಾಯಿಲೆ ಬಿದ್ದರೆ ಮತ್ತೆ ಬೇಗ.

4. ಸಂಜೆ ಒಂದೇ ಹೊತ್ತಿಗೆ ಮಾತ್ರೆ. ಹಳೆಯ ಗುಂಪಿನ ಮಾತ್ರೆಯನ್ನು ಸಂಜೆಯೋ ರಾತ್ರಿಯೋ ಕೊಡಲು ಕಾರಣವಿದೆ: ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ಅಂಕಿ ಬಂದರೆ ಅದೇ ದಿನದ ಡೋಸನ್ನು ವೈದ್ಯರು ತಿದ್ದಬಹುದು. ರಾತ್ರಿ ಊಟದ ಹೊತ್ತನ್ನೋ ಟಿವಿ ವಾರ್ತೆಯ ಹೊತ್ತನ್ನೋ ಇದಕ್ಕೆ ಗೊತ್ತುಮಾಡಿಕೊಳ್ಳಿ.

5. ಕ್ಯಾಲೆಂಡರ್‌ನಲ್ಲಿ ಗುರುತು, ನೋಟ್‌ಬುಕ್‌ನಲ್ಲಿ ಲೆಕ್ಕ. ಅನೇಕರಿಗೆ ವಾರದ ಎಲ್ಲ ದಿನವೂ ಒಂದೇ ಡೋಸ್ ಇರುವುದಿಲ್ಲ. ಮೂರು ದಿನ 2 ಮಿಲಿಗ್ರಾಂ, ಉಳಿದ ದಿನ 3 ಎಂಬಂತೆ ಇರಬಹುದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಕೆಳಗೆ ಡೋಸ್ ಬರೆದು, ನುಂಗಿದ ಮೇಲೆ ಗೀಟು ಹಾಕಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಐಎನ್‌ಆರ್, ಆಗಿನ ಡೋಸ್, ಏನಾದರೂ ಬದಲಾವಣೆ. ವೈದ್ಯರಿಗೆ ಫೋನ್ ಮಾಡುವಾಗ ಈ ಪುಟ ಎದುರಿಗಿರಲಿ.

6. ಕಿಸೆಯಲ್ಲಿ ಚೀಟಿ. ಮಾತ್ರೆಯ ಹೆಸರು, ಡೋಸ್, ಯಾವ ಕಾರಣಕ್ಕೆ, ಐಎನ್‌ಆರ್ ಗುರಿ, ವೈದ್ಯರ ಹಾಗೂ ಮನೆಯವರ ನಂಬರ್ ಬರೆದ ಕಾರ್ಡ್ ಪರ್ಸ್‌ನಲ್ಲಿ ಇರಲಿ. ಪ್ರಜ್ಞೆ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ.

ಮಾತ್ರೆ ಮರೆತರೆ?

ಹಳೆಯ ಗುಂಪಿನದನ್ನು ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಆ ದಿನದ ಡೋಸ್ ಮಾತ್ರ ನುಂಗಿ, ಮರೆತದ್ದನ್ನು ಬರೆದಿಡಿ. ಎರಡು ದಿನದ್ದನ್ನು ಸೇರಿಸಿ ನುಂಗಲೇಬಾರದು.

ಹೊಸ ಗುಂಪಿನ ಮಾತ್ರೆಯ ಪರಿಣಾಮ ಒಂದು ದಿನದೊಳಗೆ ಇಳಿದುಹೋಗುತ್ತದೆ. ಹೀಗಾಗಿ ಒಂದೆರಡು ಡೋಸ್ ತಪ್ಪಿದರೂ ರಕ್ಷಣೆ ಇರುವುದಿಲ್ಲ. ದಿನಕ್ಕೆರಡು ಬಾರಿಯ ಮಾತ್ರೆಯಾದರೆ ಮರೆತ ಆರು ಗಂಟೆಯೊಳಗೆ, ದಿನಕ್ಕೊಂದರದ್ದಾದರೆ ಹನ್ನೆರಡು ಗಂಟೆಯೊಳಗೆ ತೆಗೆದುಕೊಳ್ಳಬಹುದು. ಅದಕ್ಕೂ ತಡವಾದರೆ ಮುಂದಿನ ಹೊತ್ತಿಗೆ ಕಾಯಿರಿ. ರಿವರಾಕ್ಸಾಬಾನ್ 15 ಅಥವಾ 20 ಮಿಲಿಗ್ರಾಂ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಮೈಗೆ ಸೇರುವುದಿಲ್ಲ.

ಬಸಳೆ ಬಿಡಬೇಕೇ? ಮೀನು ತಿನ್ನಬಹುದೇ?

ಹಳೆಯ ಗುಂಪಿನ ಮಾತ್ರೆ ವಿಟಮಿನ್ ‘ಕೆ’ಗೆ ಎದುರಾಗಿ ಕೆಲಸ ಮಾಡುತ್ತದೆ. ಹರಿವೆ, ನುಗ್ಗೆಸೊಪ್ಪು, ಬಸಳೆ, ಮೆಂತೆ, ಕೊತ್ತಂಬರಿ ಮೊದಲಾದ ಹಸಿರು ಸೊಪ್ಪುಗಳಲ್ಲಿ ಈ ವಿಟಮಿನ್ ಹೇರಳ. ಸೊಪ್ಪು ಒಮ್ಮೆಲೇ ಹೆಚ್ಚಾದರೆ ಐಎನ್‌ಆರ್ ಇಳಿಯುತ್ತದೆ, ಒಮ್ಮೆಲೇ ನಿಂತರೆ ಏರುತ್ತದೆ. ಹಾಗಾಗಿ ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ಒಂದೇ ತೆರನಾಗಿರಬೇಕು. ಹಿತ್ತಲ ಚಪ್ಪರದ ಬಸಳೆಯನ್ನು ವಾರಕ್ಕೆರಡು ಸಲ ಸಿಗಡಿ ಹಾಕಿ ಮಾಡುವ ರೂಢಿ ನಿಮ್ಮದಾಗಿದ್ದರೆ ಹಾಗೆಯೇ ಮುಂದುವರಿಯಲಿ. ನಿಮ್ಮ ಡೋಸನ್ನು ನಿಮ್ಮ ಊಟಕ್ಕೆ ಹೊಂದಿಸುವುದು ವೈದ್ಯರ ಕೆಲಸ; ಊಟವನ್ನು ಏರುಪೇರು ಮಾಡದಿರುವುದು ನಿಮ್ಮ ಕೆಲಸ.

ನಮ್ಮ ಕರಾವಳಿಯಲ್ಲಿ ಊಟ ಬದಲಾಗುವ ಕಾಲವೊಂದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಪೇಟೆಗೆ ತಾಜಾ ಮೀನು ಕಡಿಮೆ. ಅದೇ ಹೊತ್ತಿಗೆ ಮಳೆ ಬಿದ್ದು ಚಗಟೆಯಂಥ ಕಾಡುಸೊಪ್ಪು ಏಳುತ್ತದೆ. ಆಮೇಲೆ ಶ್ರಾವಣ, ಹಲವು ಮನೆಗಳಲ್ಲಿ ತಿಂಗಳಿಡೀ ಮೀನಿಲ್ಲ, ತರಕಾರಿ ಸೊಪ್ಪಿನದೇ ಅಡುಗೆ. ಹೀಗೆ ತಟ್ಟೆ ಹಸಿರಾದಾಗ ಐಎನ್‌ಆರ್ ಇಳಿಯುವ ಸಂಭವ ಇದೆ. ಚೌತಿ ಮುಗಿದು ಮತ್ತೆ ಮೀನೂಟಕ್ಕೆ ಮರಳಿದಾಗ ಏರಬಹುದು. ಮಳೆಗಾಲದ ಆರಂಭದಲ್ಲಿ ಒಮ್ಮೆ, ಶ್ರಾವಣದ ನಡುವೆ ಒಮ್ಮೆ, ಚೌತಿಯ ನಂತರ ಒಮ್ಮೆ ಪರೀಕ್ಷೆ ಬರುವಂತೆ ದಿನಾಂಕ ಹೊಂದಿಸಿಕೊಳ್ಳಿ. ಉಪವಾಸವಿದ್ದರೂ, ಜ್ವರದಲ್ಲಿ ಬರೀ ಗಂಜಿ ಕುಡಿದು ಮಲಗಿದರೂ ಅಂಕಿ ಏರುತ್ತದೆ. ಆಗಲೂ ಪರೀಕ್ಷೆ ಬೇಕು.

ಬಂಗಡೆ, ತಾರ್ಲೆ, ಸಿಗಡಿ ಊಟದಲ್ಲಿ ಇದ್ದರೆ ತೊಂದರೆಯಿಲ್ಲ. ಮೀನೆಣ್ಣೆ ಕ್ಯಾಪ್ಸೂಲ್ ಮಾತ್ರ ಕೇಳದೆ ತೆಗೆದುಕೊಳ್ಳಬೇಡಿ. ಅಡುಗೆಯ ಅರಿಶಿನ, ಬೆಳ್ಳುಳ್ಳಿ, ಶುಂಠಿಗೂ ಚಿಂತೆ ಬೇಡ; ಅವನ್ನೇ ಕ್ಯಾಪ್ಸೂಲ್ ಮಾಡಿ ಮಾರುವುದನ್ನು, ದಿನಾ ಲೋಟಗಟ್ಟಲೆ ಕಷಾಯ ಮಾಡಿ ಕುಡಿಯುವುದನ್ನು ಬಿಡಿ. ಮದ್ಯ ಹೆಚ್ಚು ಕುಡಿದ ದಿನ ಅಂಕಿ ಏರುತ್ತದೆ, ಬಿದ್ದು ತಲೆಗೆ ಪೆಟ್ಟಾಗುವ ಭಯ ಬೇರೆ. ಬಿಡುವುದೇ ಲೇಸು.

ಬೇರೆ ಔಷಧಿಗಳ ಜೊತೆ

ಯಾವ ವೈದ್ಯರ ಬಳಿ ಹೋದರೂ, ಔಷಧಿ ಅಂಗಡಿಗೆ ಹೋದರೂ ಮೊದಲ ಮಾತು ಇದಿರಲಿ: ‘ನಾನು ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ತಿದ್ದೇನೆ, ಇದು ಅದಕ್ಕೆ ಆಗುತ್ತದೆಯೇ?’

1. ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್ ಹೊಟ್ಟೆಯೊಳಗೆ ರಕ್ತಸ್ರಾವ ಮಾಡಿಸಬಹುದು. ಮೊಣಕಾಲು ನೋವೆಂದು ಅಂಗಡಿಯಲ್ಲಿ ಕೇಳಿ ತರಬೇಡಿ. ಅಲ್ಪ ಪ್ರಮಾಣದ ಪ್ಯಾರಾಸಿಟಮಾಲ್ ಕೆಲವು ದಿನದ ಮಟ್ಟಿಗೆ ಸುರಕ್ಷಿತ. ದಿನಗಟ್ಟಲೆ ಹೆಚ್ಚು ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ.

2. ಅಂಕಿ ಏರಿಸುವವು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಹೃದಯದ ತಾಳಕ್ಕೆ ಕೊಡುವ ಅಮಿಯೊಡರೋನ್.

3. ಅಂಕಿ ಇಳಿಸುವವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್. ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಅಂಕಿ ಮತ್ತೆ ಏರುವುದರಿಂದ ಆಗಲೂ ಎಚ್ಚರ ಬೇಕು. ಈ ಔಷಧಿಗಳು ಹೊಸ ಗುಂಪಿನ ಮಾತ್ರೆಯ ಬಲವನ್ನೂ ಕುಗ್ಗಿಸುತ್ತವೆ.

4. ಸೂಜಿ. ಜ್ವರವೆಂದರೆ ಸೊಂಟಕ್ಕೊಂದು ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ನಾಯುವಿನೊಳಗೆ ರಕ್ತ ತುಂಬಿ ದೊಡ್ಡ ಬಾವು ಬರಬಹುದು. ‘ಸೂಜಿ ಬೇಡ, ಮಾತ್ರೆಯೇ ಕೊಡಿ’ ಎಂದು ಹೇಳಿ. ಲಸಿಕೆ ಹಾಕಿಸಬೇಕಾದರೆ ಮೊದಲೇ ತಿಳಿಸಿ, ಹಾಕಿದ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯಿರಿ.

5. ನಾಟಿ ಔಷಧಿ. ಪಾರ್ಶ್ವವಾಯುವಿನ ನಾಟಿ ಔಷಧಿಗೆ ಅಂಕೋಲೆಯ ಬೆಳಂಬಾರ ದೂರದೂರಕ್ಕೆ ಹೆಸರಾದ ಊರು. ನಂಬಿಕೆಯಿಂದ ಬರುವವರಿಗೆ ಎರಡು ವಿನಂತಿ. ಮೊದಲನೆಯದು: ಬಾಯಿ ಸೊಟ್ಟಗಾದ, ಕೈಕಾಲು ಸೋತ, ಮಾತು ತೊದಲಿದ ಗಳಿಗೆಯಲ್ಲಿ ಮೊದಲು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಮೆದುಳಲ್ಲಿ ಹೆಪ್ಪು ಕೂತಿದೆಯೋ ರಕ್ತ ಸೋರಿದೆಯೋ ಎಂದು ಹೊರಗಿನಿಂದ ಯಾರಿಗೂ ತಿಳಿಯದು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎರಡನೆಯದು: ಆಮೇಲೆ ಯಾವುದೇ ನಾಟಿ ಅಥವಾ ಆಯುರ್ವೇದ ಔಷಧಿ ತೆಗೆದುಕೊಂಡರೂ ಈ ಮಾತ್ರೆ ನಿಲ್ಲಿಸಬೇಡಿ. ಔಷಧಿ ಕೊಡುವವರಿಗೂ ನಿಮ್ಮ ಡಾಕ್ಟರಿಗೂ ಎರಡರ ವಿಷಯ ಹೇಳಿ, ಒಂದು ವಾರದೊಳಗೆ ಐಎನ್‌ಆರ್ ಮಾಡಿಸಿ.

ಮಳೆಗಾಲದ ಸಿದ್ಧತೆ

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ದಕ್ಷಿಣದ ದಾರಿಯಾಗಲಿ ಗೋವಾದ ದಾರಿಯಾಗಲಿ ಮಳೆಗಾಲದಲ್ಲಿ ಯಾವಾಗ ಕಟ್ಟಿಕೊಳ್ಳುತ್ತದೆಂದು ಹೇಳಲಾಗದು. ಆದ್ದರಿಂದ:

1. ಮೇ ಕೊನೆಗೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಮ್ಮ ಡೋಸ್ ಸಿಗದಿದ್ದರೆ ಬೇರೆ ಮಾತ್ರೆ ಒಪ್ಪಿಕೊಳ್ಳುವ ಮುನ್ನ ವೈದ್ಯರನ್ನು ಕೇಳಿ.

2. ಮಳೆಗಾಲದ ತೇವ ಮಾತ್ರೆಗೆ ಶತ್ರು. ಡಾಬಿಗಾಟ್ರಾನ್ ಕ್ಯಾಪ್ಸೂಲ್ ತೇವ ತಗಲಿದರೆ ಕೆಡುತ್ತದೆ. ಅದನ್ನು ವಾರದ ಡಬ್ಬಿಗೆ ಬಿಡಿಸಿ ಹಾಕಬೇಡಿ, ನುಂಗುವಾಗ ಮಾತ್ರ ಪ್ಯಾಕಿನಿಂದ ತೆಗೆಯಿರಿ, ಕ್ಯಾಪ್ಸೂಲ್ ಒಡೆದು ಪುಡಿ ಸೇವಿಸಬೇಡಿ.

3. ಡೆಂಗಿ, ಇಲಿಜ್ವರ, ನಮ್ಮ ಜಿಲ್ಲೆಯ ಕಾಡಂಚಿನಲ್ಲಿ ಕಾಣುವ ಮಂಗನ ಕಾಯಿಲೆ, ಇವು ಕಿರುಬಿಲ್ಲೆಗಳನ್ನು ಇಳಿಸಿ ತಾವೇ ರಕ್ತಸ್ರಾವ ಮಾಡಿಸಬಲ್ಲವು. ಈ ಮಾತ್ರೆಯೂ ಸೇರಿದರೆ ಅಪಾಯ ಇಮ್ಮಡಿ. ಜ್ವರ ಎರಡನೇ ದಿನಕ್ಕೆ ಕಾಲಿಟ್ಟರೆ ಮನೆಮದ್ದಿನಲ್ಲಿ ಕಾಯದೆ, ಪ್ಲೇಟ್‌ಲೆಟ್ ಮತ್ತು ಐಎನ್‌ಆರ್ ಎರಡನ್ನೂ ನೋಡಿಸಿ.

ದೋಣಿ, ಮೀನು, ಹೊಲ, ಮನೆ

ಬೈತಖೋಲದಿಂದಲೋ ಬೇಲೆಕೇರಿಯಿಂದಲೋ ಬೋಟಿಗೆ ಹೋಗುವವರು ದಿನಕ್ಕಿಷ್ಟೆಂದು ಲೆಕ್ಕ ಹಾಕಿ, ಇನ್ನೂ ಕೆಲವು ದಿನದ ಮಾತ್ರೆ ಹೆಚ್ಚಿಗೆ, ನೀರು ತಾಗದ ಡಬ್ಬಿಯಲ್ಲಿ ಒಯ್ಯಿರಿ. ಜೊತೆಯವರಿಗೆ ವಿಷಯ ಗೊತ್ತಿರಲಿ. ಬಲೆ, ಗಾಳ, ಮೀನಿನ ಮುಳ್ಳು, ಏಡಿಯ ಕೊಂಬು, ಮೀನು ಕೊಯ್ಯುವ ಕತ್ತಿ ತಾಗಿದರೆ ಶುದ್ಧ ಬಟ್ಟೆಯಿಂದ ಒತ್ತಿ, ನಡುನಡುವೆ ತೆಗೆದು ನೋಡದೆ ಹದಿನೈದು ನಿಮಿಷ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆ. ಗದ್ದೆ, ತೋಟಕ್ಕೆ ಚಪ್ಪಲಿ ಹಾಕಿಕೊಂಡೇ ಹೋಗಿ. ಮರ ಹತ್ತುವ ಕೆಲಸ ಬೇರೆಯವರಿಗೆ ಬಿಡಿ. ಸ್ಕೂಟರ್ ಹತ್ತಿದರೆ ಹೆಲ್ಮೆಟ್ ಇರಲೇಬೇಕು. ಹಲ್ಲಿಗೆ ಮೆದು ಬ್ರಷ್ ಬಳಸಿ. ಮಾತ್ರೆಯನ್ನೂ ಇಲಿ ಪಾಷಾಣವನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ.

ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳಿಗೆ ಒಂದು ಮುಖ್ಯ ಮಾತು. ವಾರ್ಫರಿನ್ ಗುಂಪಿನ ಮಾತ್ರೆ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಹುದು. ಗರ್ಭ ಧರಿಸುವ ಮೊದಲೇ ಹೃದಯದ ವೈದ್ಯರನ್ನೂ ಹೆರಿಗೆ ವೈದ್ಯರನ್ನೂ ಕಾಣಿ. ಮುಟ್ಟು ನಿಂತು ಅನುಮಾನ ಬಂದರೆ ಒಂದು ದಿನವೂ ತಡಮಾಡಬೇಡಿ. ಹಾಗೆಂದು ಲೋಹದ ಕವಾಟ ಇರುವವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಕುತ್ತು. ಮುಟ್ಟಿನ ರಕ್ತ ವಿಪರೀತವಾದರೆ ನಾಚದೆ ಹೇಳಿ; ಅದಕ್ಕೂ ಪರಿಹಾರವಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ‘ಈಗ ಆರಾಮಾಗಿದ್ದೇನೆ, ಮಾತ್ರೆ ಯಾಕೆ?’ ಆರಾಮಾಗಿರುವುದು ಮಾತ್ರೆಯ ಫಲ. ಲೋಹದ ಕವಾಟಕ್ಕೆ ಇದು ಜೀವನಪರ್ಯಂತ. ಕಾಲಿನ ಹೆಪ್ಪಿಗೆ ಕನಿಷ್ಠ ಮೂರು ತಿಂಗಳು. ನಿಲ್ಲಿಸುವ ದಿನವನ್ನು ವೈದ್ಯರು ಹೇಳಬೇಕು.

2. ಹಲ್ಲು ಕೀಳಿಸಲು ವಾರ ಮೊದಲೇ ನಿಲ್ಲಿಸುವುದು. ಒಂದೆರಡು ಹಲ್ಲಿಗೆ ಅನೇಕ ಬಾರಿ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಒಂದೆರಡು ದಿನದೊಳಗಿನ ಐಎನ್‌ಆರ್ ರಿಪೋರ್ಟ್ ಹಿಡಿದು ಹೋಗಿ, ದಂತವೈದ್ಯರೂ ನಿಮ್ಮ ವೈದ್ಯರೂ ಮಾತಾಡಿ ತೀರ್ಮಾನಿಸಲಿ.

3. ಅಸಿಟ್ರೋಂ ಇಲ್ಲದಿದ್ದರೆ ವಾರ್ಫ್. ಎರಡರ ಮಿಲಿಗ್ರಾಂ ಸಮ ಅಲ್ಲ. 2ರ ಬದಲು 2 ಎಂದು ನುಂಗಿದರೆ ಲೆಕ್ಕ ತಪ್ಪುತ್ತದೆ.

4. ಐಎನ್‌ಆರ್ ಹೆಚ್ಚಾಯಿತೆಂದು ಹಲವು ದಿನ ಮಾತ್ರೆ ಬಿಡುವುದು, ಇಲ್ಲವೇ ರಾಶಿ ಸೊಪ್ಪು ತಿನ್ನುವುದು. ಅಂಕಿ ಒಮ್ಮೆಲೇ ಕುಸಿದು ಹೆಪ್ಪು ಕಟ್ಟಬಹುದು. ಎಷ್ಟು ದಿನ ಬಿಡಬೇಕೆಂದು ಕೇಳಿ.

5. ನೆರೆಮನೆಯವರ ಡೋಸ್ ನೋಡಿ ತಮ್ಮದನ್ನು ಬದಲಿಸುವುದು. ಒಬ್ಬರಿಗೆ 1 ಮಿಲಿಗ್ರಾಂ ಸಾಕು, ಇನ್ನೊಬ್ಬರಿಗೆ 5 ಬೇಕು. ಯಕೃತ್ತು, ವಯಸ್ಸು, ಹುಟ್ಟುಗುಣ, ಊಟ ಎಲ್ಲವೂ ಇದನ್ನು ನಿರ್ಧರಿಸುತ್ತವೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ತಲೆಗೆ ಪೆಟ್ಟು. ಆ ಹೊತ್ತಿಗೆ ಏನೂ ಅನಿಸದಿದ್ದರೂ ಸರಿ. ಮೆದುಳಿನ ರಕ್ತಸ್ರಾವ ಗಂಟೆಗಳ ನಂತರ ತೋರಬಹುದು.
- ಡಾಂಬರಿನಂತೆ ಕಪ್ಪಾದ ಮಲ, ರಕ್ತ ಬೆರೆತ ವಾಂತಿ, ಕೆಂಪು ಮೂತ್ರ.
- ನಿಲ್ಲದ ಮೂಗಿನ ಅಥವಾ ವಸಡಿನ ರಕ್ತ; ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುವುದು.
- ಎಂದೂ ಇಲ್ಲದ ತೀವ್ರ ತಲೆನೋವು, ಮಂಪರು.
- ಮುಖ ಸೊಟ್ಟಗಾಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು.
- ಒಂದೇ ಕಾಲಿಗೆ ಬಾವು, ನೋವು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು.
- ಲೋಹದ ಕವಾಟದ ಟಿಕ್ ಟಿಕ್ ಸದ್ದು ಕುಗ್ಗುವುದು ಅಥವಾ ಬದಲಾಗುವುದು.

108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಸಿಬ್ಬಂದಿಗೆ ಮೊದಲು ನಿಮ್ಮ ಕಾರ್ಡ್ ತೋರಿಸಿ. ರಕ್ತಸ್ರಾವವಾದರೆ ಆಸ್ಪತ್ರೆಯಲ್ಲಿ ವಿಟಮಿನ್ ‘ಕೆ’, ಪ್ಲಾಸ್ಮಾ ಮುಂತಾದ ಮಾರುಮದ್ದುಗಳಿವೆ. ಯಾವ ಮಾತ್ರೆ, ಕೊನೆಯ ಡೋಸ್ ಯಾವಾಗ ಎಂಬುದು ಗೊತ್ತಾದರೆ ಮಾತ್ರ ಅವನ್ನು ಸರಿಯಾಗಿ ಬಳಸಲು ಸಾಧ್ಯ.

ಮನೆಯವರಿಗೊಂದು ಮಾತು. ವಯಸ್ಸಾದ ಅಪ್ಪ, ಅಮ್ಮ, ಅಜ್ಜಿಯರಿಗೆ ಈ ಲೆಕ್ಕವನ್ನು ಒಬ್ಬರೇ ನೆನಪಿಡುವುದು ಕಷ್ಟ. ಮಕ್ಕಳು ಬೆಂಗಳೂರಿನಲ್ಲಿದ್ದರೂ ಪರೀಕ್ಷೆಯ ದಿನ ಫೋನ್ ಮಾಡಿ ನೆನಪಿಸಬಹುದು, ರಿಪೋರ್ಟ್‌ನ ಫೋಟೊ ತರಿಸಿಕೊಂಡು ವೈದ್ಯರಿಗೆ ಕಳಿಸಬಹುದು. ಇಂದು ಸಂಜೆಯೇ ಡಿಸ್ಚಾರ್ಜ್ ಚೀಟಿ ಹೊರತೆಗೆಯಿರಿ. ಮಾತ್ರೆಯ ಹೆಸರು ನೋಡಿ, ಅದು ಹಳೆಯ ಗುಂಪಿನದಾಗಿದ್ದರೆ ಕೊನೆಯ ಐಎನ್‌ಆರ್ ಯಾವಾಗ ಆಗಿತ್ತೆಂದು ನೋಡಿ. ಒಂದು ತಿಂಗಳು ದಾಟಿದ್ದರೆ ನಾಳೆ ಬೆಳಿಗ್ಗೆಯೇ ರಕ್ತ ಕೊಟ್ಟು ಬನ್ನಿ.